ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲಿನ ಊಟ

ಬಾಯಿ, ಗಂಟಲು, ಅನ್ನನಾಳ, ಜಠರ: ಇವುಗಳಲ್ಲಿ ಯಾವುದರ ಕ್ಯಾನ್ಸರ್‌ಗೆ ಚಿಕಿತ್ಸೆ ನಡೆದರೂ ರೋಗಿಯ ಊಟ ಮೊದಲಿನಂತಿರುವುದಿಲ್ಲ. ಗೆಡ್ಡೆಯ ಜೊತೆಗೆ ನಾಲಗೆಯ ಒಂದು ಪಾಲೋ ದವಡೆಯ ತುಂಡೋ ಹೋಗಿರುತ್ತದೆ. ಜನ ‘ಕರೆಂಟು ಕೊಡುವುದು’ ಎನ್ನುವ ವಿಕಿರಣ ಚಿಕಿತ್ಸೆಯಿಂದ ಜೊಲ್ಲಿನ ಗ್ರಂಥಿಗಳು ಬತ್ತಿರುತ್ತವೆ. ಕಿಮೋಥೆರಪಿ ಹಸಿವನ್ನೂ ರುಚಿಯನ್ನೂ ಕೆಡಿಸಿರುತ್ತದೆ. ಸ್ತನ, ಗರ್ಭಕಂಠ, ದೊಡ್ಡ ಕರುಳಿನ ಕ್ಯಾನ್ಸರ್‌ನಿಂದ ಚೇತರಿಸಿಕೊಂಡವರ ತೊಂದರೆಗಳು ಬೇರೆ ಬಗೆಯವು. ಹೀಗೆ ಬದಲಾದ ದೇಹಕ್ಕೆ ಏನನ್ನು, ಎಷ್ಟು, ಯಾವ ಹದದಲ್ಲಿ, ಯಾವ ದಾರಿಯಿಂದ ಕೊಡಬೇಕೆಂದು ಅಳೆದು ಹೇಳುವುದು, ಹೇಳಿದ್ದು ನಡೆಯುತ್ತಿದೆಯೇ ಎಂದು ತಿಂಗಳುಗಟ್ಟಲೆ ನೋಡುವುದು ಡಯಟೀಷಿಯನ್ನರ ಕೆಲಸ. ‘ಹಣ್ಣು ಹಾಲು ಚೆನ್ನಾಗಿ ತಗೊಳ್ಳಿ’ ಎಂದು ಬೀಳ್ಕೊಡುವುದಕ್ಕೆ ಡಯಟೀಷಿಯನ್ ಬೇಕಾಗಿಲ್ಲ.

ಕ್ಯಾನ್ಸರ್ ರೋಗಿ ತೂಕ ಕಳೆದುಕೊಳ್ಳುವುದು ಬರಿಯ ಉಪವಾಸದಿಂದಲ್ಲ. ಉಪವಾಸದಲ್ಲಿ ದೇಹ ಮೊದಲು ಕೊಬ್ಬನ್ನು ಖರ್ಚು ಮಾಡಿ, ಸ್ನಾಯುವನ್ನು ಆದಷ್ಟು ದಿನ ಕಾಪಾಡಿಕೊಳ್ಳುತ್ತದೆ. ಕ್ಯಾನ್ಸರ್‌ನಲ್ಲಿ ಉರಿಯೂತದ ರಾಸಾಯನಿಕಗಳು ಈ ಕ್ರಮವನ್ನೇ ಕೆಡಿಸುವುದರಿಂದ ಸ್ನಾಯುವೂ ಜೊತೆಜೊತೆಗೆ ಕರಗುತ್ತದೆ. ಇದನ್ನು ಕ್ಯಾಕೆಕ್ಸಿಯಾ ಎನ್ನುತ್ತಾರೆ. 2011ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಇದಕ್ಕೆ ಕೊಟ್ಟ ಅಳತೆ ಇಂದಿಗೂ ಬಳಕೆಯಲ್ಲಿದೆ: ಆರು ತಿಂಗಳಲ್ಲಿ ದೇಹದ ತೂಕದ ಶೇ. 5ಕ್ಕಿಂತ ಹೆಚ್ಚು ಇಳಿದಿದ್ದರೆ, ಅಥವಾ ಮೊದಲೇ ತೆಳ್ಳಗಿರುವವರಲ್ಲಿ, ಸ್ನಾಯು ಕಡಿಮೆ ಇರುವವರಲ್ಲಿ ಶೇ. 2ಕ್ಕಿಂತ ಹೆಚ್ಚು ಇಳಿದಿದ್ದರೆ ಅದು ಕ್ಯಾಕೆಕ್ಸಿಯಾ. 50 ಕಿಲೋ ತೂಗುವವರಿಗೆ ಶೇ. 5 ಎಂದರೆ ಎರಡೂವರೆ ಕಿಲೋ. ಮನೆಯಲ್ಲಿ ಯಾರ ಕಣ್ಣಿಗೂ ಬೀಳದಷ್ಟು ಸಣ್ಣ ಇಳಿತ ಅದು. 1980ರಲ್ಲಿ ಅಮೆರಿಕದಲ್ಲಿ ಡಿವೈಸ್ ಮತ್ತು ಸಂಗಡಿಗರು ಮೂರು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದಾಗ, ಕಿಮೋಥೆರಪಿಗೆ ಮೊದಲೇ ತೂಕ ಇಳಿದವರು ಹೆಚ್ಚಿನ ಬಗೆಯ ಕ್ಯಾನ್ಸರ್‌ಗಳಲ್ಲಿ ಕಡಿಮೆ ಕಾಲ ಬದುಕಿದ್ದು ಕಂಡುಬಂದಿತ್ತು. ಚಿಕಿತ್ಸೆ ಫಲಿಸಿ ಗೆಡ್ಡೆ ಇಲ್ಲವಾದಾಗ ಉರಿಯೂತ ತಗ್ಗುತ್ತದೆ. ಕಳೆದುಹೋದ ಸ್ನಾಯು ಮಾತ್ರ ತಾನಾಗಿ ಮರಳುವುದಿಲ್ಲ. ಅದಕ್ಕೆ ಪ್ರೋಟೀನೂ ಬೇಕು, ಕೆಲಸವೂ ಬೇಕು.

ವಿಕಿರಣ ಚಿಕಿತ್ಸೆ ನಡೆಯುವಾಗ ರೋಗಿ ವಾರಕ್ಕೆ ಐದು ದಿನ ಆಸ್ಪತ್ರೆಗೆ ಬರುತ್ತಿರುತ್ತಾನೆ, ಯಾರಾದರೂ ತೂಕ ನೋಡುತ್ತಿರುತ್ತಾರೆ. ಮುಗಿದ ಮೇಲೆ ಮುಂದಿನ ಭೇಟಿ ಒಂದು ತಿಂಗಳಿಗೋ ಎರಡು ತಿಂಗಳಿಗೋ ಇರುತ್ತದೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ದೊಡ್ಡ ಆಸ್ಪತ್ರೆಗೆ ರಾಯಚೂರು, ಬೀದರ್ ಕಡೆಯಿಂದ ಬಂದವರು ಊರು ಸೇರಿದ ಮೇಲೆ ನಡುವೆ ಬರುವ ಮಾತೇ ಇಲ್ಲ. ತಲೆ ಮತ್ತು ಕತ್ತಿನ ವಿಕಿರಣದ ಉರಿ, ಹುಣ್ಣುಗಳು ತೀವ್ರವಾಗುವುದಾದರೋ ಚಿಕಿತ್ಸೆಯ ಕೊನೆಯ ವಾರದಲ್ಲಿ ಮತ್ತು ಅದು ಮುಗಿದ ಮೊದಲ ಎರಡು ವಾರಗಳಲ್ಲಿ. ಅತಿ ಕಷ್ಟದ ದಿನಗಳು ಹೀಗೆ ಯಾರೂ ನೋಡದ ದಿನಗಳಾಗಿಬಿಡುತ್ತವೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ಮೃದು ಆಹಾರ, ಹೆಚ್ಚು ಪ್ರೋಟೀನ್’ ಎಂಬ ಒಂದು ಸಾಲು ಇರುವುದು ವಾಡಿಕೆ. ಆ ಸಾಲನ್ನು ಬಿಡಿಸಿ ಹೇಳುವವರಿಲ್ಲದಿದ್ದರೆ ಮನೆಯವರು ಅದನ್ನು ನೀರುಗಂಜಿ ಎಂದು ಓದಿಕೊಳ್ಳುತ್ತಾರೆ.

ಡಯಟೀಷಿಯನ್ ಮೊದಲು ಮಾಡುವುದು ಅಂದಾಜು. ಇದಕ್ಕೆ ಸಿದ್ಧ ಪ್ರಶ್ನಾವಳಿಗಳಿವೆ. ‘ಇತ್ತೀಚೆಗೆ ತೂಕ ಇಳಿದಿದೆಯೇ, ಎಷ್ಟು? ಹಸಿವಿಲ್ಲದೆ ಊಟ ಕಡಿಮೆಯಾಗಿದೆಯೇ?’ ಎಂಬ ಎರಡೇ ಪ್ರಶ್ನೆಗಳ ಒಂದು ಪಟ್ಟಿಯನ್ನು 1999ರಲ್ಲಿ ಆಸ್ಟ್ರೇಲಿಯಾದಲ್ಲಿ ರೂಪಿಸಿದರು; ಯಾವ ನರ್ಸಾದರೂ ಒಂದು ನಿಮಿಷದಲ್ಲಿ ಕೇಳಬಹುದು. ಅದರಲ್ಲಿ ಅಪಾಯ ಕಂಡವರಿಗೆ ವಿವರವಾದ ತಪಾಸಣೆ ನಡೆಯುತ್ತದೆ. ಹಳೆಯ ತೂಕ ಗೊತ್ತಿಲ್ಲದವರಿಗೆ ರವಿಕೆ ಸಡಿಲವಾಗಿದೆಯೇ, ಉಂಗುರ ಜಾರುತ್ತದೆಯೇ, ಪ್ಯಾಂಟಿನ ಬೆಲ್ಟಿಗೆ ಹೊಸ ತೂತು ಬಿದ್ದಿದೆಯೇ ಎಂದು ಕೇಳಿದರೆ ಉತ್ತರ ಸಿಗುತ್ತದೆ. ತೋಳಿನ ಮತ್ತು ಮೀನಖಂಡದ ಸುತ್ತಳತೆ, ಮುಷ್ಟಿಯ ಹಿಡಿತ, ಕುರ್ಚಿಯಿಂದ ಕೈಯೂರದೆ ಏಳಲಾಗುತ್ತದೆಯೇ ಎಂಬುದು ಸ್ನಾಯುವಿನ ಸ್ಥಿತಿ ತಿಳಿಸುತ್ತವೆ. ಕಾಲಿನಲ್ಲಿ ನೀರು ತುಂಬಿಕೊಂಡಿದ್ದರೆ ತಕ್ಕಡಿ ಸುಳ್ಳು ಹೇಳುತ್ತದೆ, ಅದನ್ನೂ ಒತ್ತಿ ನೋಡಬೇಕು. ರಕ್ತದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆ ಬಂದರೆ ಪೋಷಣೆ ಕಡಿಮೆ ಎಂದು ತಿಳಿದು ಮೊಟ್ಟೆಯ ಬಿಳಿ ತಿನ್ನಿಸುವ ರೂಢಿ ನಮ್ಮಲ್ಲಿ ಬಹಳ ಇದೆ. ಅಲ್ಬುಮಿನ್ ಉರಿಯೂತದ ಸೂಚಕವೇ ಹೊರತು ಪೋಷಣೆಯ ಅಳತೆಗೋಲಲ್ಲ ಎಂದು ಪೋಷಣಾ ತಜ್ಞರ ಸಂಘಗಳು ಈಗ ಸ್ಪಷ್ಟವಾಗಿ ಹೇಳಿವೆ. ಮೊಟ್ಟೆಯ ಬಿಳಿ ಒಳ್ಳೆಯದೇ, ಆದರೆ ಹಳದಿಯನ್ನು ಎಸೆಯುವುದು ಶಕ್ತಿಯನ್ನು ಎಸೆದಂತೆ.

ಎಷ್ಟು ಬೇಕು ಎಂಬುದಕ್ಕೆ ಯುರೋಪಿನ ಕ್ಲಿನಿಕಲ್ ಪೋಷಣಾ ಸಂಘ, ಅಂದರೆ ಎಸ್ಪೆನ್, ಕೊಟ್ಟ ಮಾರ್ಗಸೂಚಿಯನ್ನು ಹಲವು ಕಡೆ ಅನುಸರಿಸುತ್ತಾರೆ: ದೇಹದ ತೂಕದ ಒಂದು ಕಿಲೋಗೆ ದಿನಕ್ಕೆ 25ರಿಂದ 30 ಕಿಲೋಕ್ಯಾಲೊರಿ ಶಕ್ತಿ, 1 ಗ್ರಾಂಗಿಂತ ಹೆಚ್ಚು, ಸಾಧ್ಯವಾದರೆ 1.5 ಗ್ರಾಂವರೆಗೆ ಪ್ರೋಟೀನ್. 50 ಕಿಲೋ ತೂಕದವರಿಗೆ ಇದು ಸುಮಾರು 1,250ರಿಂದ 1,500 ಕಿಲೋಕ್ಯಾಲೊರಿ ಮತ್ತು 60 ಗ್ರಾಂ ಪ್ರೋಟೀನ್ ಎಂದಾಯಿತು. ಮೂತ್ರಪಿಂಡದ ತೊಂದರೆ ಇದ್ದರೆ ಪ್ರೋಟೀನಿನ ಲೆಕ್ಕ ಬದಲಾಗುತ್ತದೆ.

ಈ ಸಂಖ್ಯೆಗಳನ್ನು ಒಂದು ಸಾಧಾರಣ ಮನೆಯ ಅಡುಗೆಗೆ ಹಚ್ಚಿ ನೋಡಬೇಕು. ಬಾಯಿಯ ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಒಬ್ಬರು ಬೆಳಿಗ್ಗೆ ಮಜ್ಜಿಗೆ ಬೆರೆಸಿದ ಒಂದು ಲೋಟ ರಾಗಿ ಅಂಬಲಿ, ಆಮೇಲೆ ಸಾಂಬಾರಿನಲ್ಲಿ ನೆನೆಸಿದ ಎರಡು ಇಡ್ಲಿ, ಮಧ್ಯಾಹ್ನ ಒಂದು ಬಟ್ಟಲು ಮೆತ್ತನೆಯ ಅನ್ನ ತಿಳಿಸಾರು, ಎರಡು ಹೊತ್ತು ಟೀ, ಅದರಲ್ಲಿ ಅದ್ದಿದ ನಾಲ್ಕು ಬಿಸ್ಕತ್ತು, ರಾತ್ರಿ ಅಕ್ಕಿಗಂಜಿ ತೆಗೆದುಕೊಂಡರು ಎನ್ನೋಣ. ದಿನವಿಡೀ ಏನಾದರೂ ಬಾಯಿಗೆ ಹೋಗುತ್ತಲೇ ಇದೆ, ಹೊಟ್ಟೆ ತುಂಬಿದೆ, ಮನೆಯವರಿಗೆ ಸಮಾಧಾನವಿದೆ. ಲೆಕ್ಕ ಹಾಕಿದರೆ ಸಿಕ್ಕಿದ್ದು ಸುಮಾರು 800 ಕಿಲೋಕ್ಯಾಲೊರಿ, 20 ಗ್ರಾಂ ಪ್ರೋಟೀನ್. ಬೇಕಾದ ಶಕ್ತಿಯ ಅರ್ಧದಷ್ಟು, ಪ್ರೋಟೀನಿನ ಮೂರನೇ ಒಂದು ಪಾಲು.

ಇದೇ ಊಟವನ್ನು ಕೆಡವದೆ ಸರಿಪಡಿಸಲು ಬರುತ್ತದೆ. ದಿನಕ್ಕೆ ಅರ್ಧ ಲೀಟರ್ ಹಾಲನ್ನು ಕುಡಿಯಲು, ಗಂಜಿಗೆ, ಮೊಸರಿಗೆ ಹಂಚಿದರೆ 16 ಗ್ರಾಂ ಪ್ರೋಟೀನ್ ಸಿಗುತ್ತದೆ. ಎರಡು ಮೊಟ್ಟೆಯನ್ನು ಮೆತ್ತಗೆ ಬೇಯಿಸಿ ಕಿವುಚಿ ಅನ್ನಕ್ಕೋ ಬಿಸಿ ಸಾರಿಗೋ ಬೆರೆಸಿದರೆ 12 ಗ್ರಾಂ. ತಿಳಿಸಾರಿನ ಬದಲು ಗಟ್ಟಿ ಬೇಳೆಯ ತೊವ್ವೆ ಮಾಡಿ, 30 ಗ್ರಾಂ ಬೇಳೆ ಹೆಚ್ಚಿಗೆ ಹಾಕಿದರೆ ಆರೂವರೆ ಗ್ರಾಂ. ಹುರಿಗಡಲೆಯನ್ನು ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದು 25 ಗ್ರಾಂನಷ್ಟು ಅಂಬಲಿಗೆ ಕದಡಿದರೆ ಐದೂವರೆ ಗ್ರಾಂ. ಮೂರು ಹೊತ್ತಿಗೆ ಮೂರು ಟೀ ಚಮಚ ತುಪ್ಪ ಬಿದ್ದರೆ 135 ಕಿಲೋಕ್ಯಾಲೊರಿ. ಎಲ್ಲ ಸೇರಿ 60 ಗ್ರಾಂ ಪ್ರೋಟೀನೂ ಸುಮಾರು 1,550 ಕಿಲೋಕ್ಯಾಲೊರಿಯೂ ಆಗುತ್ತವೆ, ತಿನ್ನುವ ಪರಿಮಾಣ ಅಷ್ಟೇನೂ ಏರುವುದಿಲ್ಲ. ಮೊಟ್ಟೆ ಮುಟ್ಟದ ಮನೆಯಲ್ಲಿ 30 ಗ್ರಾಂ ಕೆನೆ ತೆಗೆದ ಹಾಲಿನ ಪುಡಿ 10 ಗ್ರಾಂ ಪ್ರೋಟೀನ್ ಕೊಡುತ್ತದೆ. ನೆನೆಸಿ ಹಿಂಡಿ ರುಬ್ಬಿದ 25 ಗ್ರಾಂ ಸೋಯಾ ಚಂಕ್ಸ್ 12 ಗ್ರಾಂನಷ್ಟು ಕೊಡುತ್ತದೆ. ಡಬ್ಬಿಯ ಪ್ರೋಟೀನ್ ಪುಡಿ ಕೆಲವರಿಗೆ ನಿಜಕ್ಕೂ ಬೇಕಾಗುತ್ತದೆ, ಅದರಲ್ಲೂ ನಾಲ್ಕು ಗುಟುಕಿಗಿಂತ ಹೆಚ್ಚು ಕುಡಿಯಲಾಗದವರಿಗೆ. ಸಾಲ ಮಾಡಿ ಡಬ್ಬಿ ತಂದು, ಅದು ತಿಂಗಳು ಬರಲೆಂದು ದಿನಕ್ಕೊಂದು ಚಮಚ ಕದಡಿ ಕೊಡುವುದರಿಂದ ಮಾತ್ರ ಯಾವ ಪ್ರಯೋಜನವೂ ಇಲ್ಲ.

ರಾಗಿಯ ವಿಷಯ ಸ್ವಲ್ಪ ವಿಸ್ತಾರವಾಗಿ ನೋಡಬೇಕಾದದ್ದು, ಏಕೆಂದರೆ ಹಳೇ ಮೈಸೂರು ಸೀಮೆಯಲ್ಲಿ ಚೇತರಿಕೆಯ ಊಟವೆಂದರೆ ಅದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಬೇರೆ ಯಾವ ಧಾನ್ಯವೂ ಇದರ ಹತ್ತಿರ ಬರುವುದಿಲ್ಲ. ಪ್ರೋಟೀನ್ ಮಾತ್ರ ಏಳು ಗ್ರಾಂ ಚಿಲ್ಲರೆ, ಅಕ್ಕಿಗಿಂತ ಹೆಚ್ಚೇನಲ್ಲ. ‘ರಾಗಿ ತಿಂದವ ನಿರೋಗಿ’ ಎಂಬ ಗಾದೆಯ ಬಲದ ಮೇಲೆ ರಾಗಿಯೊಂದರಿಂದಲೇ ಸ್ನಾಯು ಕಟ್ಟಲು ಹೊರಟರೆ ಆಗದು. ಇನ್ನೊಂದು ತೊಡಕು ಗಂಜಿಯ ಸ್ವಭಾವದ್ದು. ಬೇಯಿಸಿದಾಗ ಪಿಷ್ಟ ಉಬ್ಬಿ ಗಟ್ಟಿಯಾಗುತ್ತದೆ, ಕುಡಿಯುವಂತಾಗಲು ನೀರು ಸುರಿಯಬೇಕು, ಆಗ ಲೋಟದಲ್ಲಿ ಉಳಿಯುವುದು ಹಿಡಿ ಹಿಟ್ಟು, ಮಿಕ್ಕದ್ದೆಲ್ಲ ನೀರು. ಇದಕ್ಕೆ ಪರಿಹಾರ ಮನೆಯಲ್ಲೇ ಇದೆ. ರಾಗಿಯನ್ನು ನೆನೆಸಿ ಒಂದೆರಡು ದಿನ ಮೊಳಕೆ ಬರಿಸಿದರೆ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ತುಂಡರಿಸಿ ಗಂಜಿಯನ್ನು ತೆಳುವಾಗಿಸುತ್ತದೆ. ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ ಬೀಸಿದ ಈ ಹಿಟ್ಟಿನಿಂದ ಅಷ್ಟೇ ಲೋಟಕ್ಕೆ ಎರಡು ಪಟ್ಟಿಗೂ ಹೆಚ್ಚು ಹಿಟ್ಟು ಹಿಡಿಸಬಹುದು. ಹುರಿಯುವಾಗ ಕಾವು ಹೆಚ್ಚಾದರೆ ಕಿಣ್ವ ಸಾಯುತ್ತದೆ, ಪರಿಮಳ ಬರುತ್ತದೆ, ಉದ್ದೇಶ ಕೆಡುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನ ವಿಜ್ಞಾನಿಗಳು ರಾಗಿ ಮಾಲ್ಟಿನ ಈ ಗುಣವನ್ನು ದಶಕಗಳ ಹಿಂದೆಯೇ ಕೂಸುಗಳ ಆಹಾರಕ್ಕಾಗಿ ಅಭ್ಯಾಸ ಮಾಡಿದ್ದರು. ಕೂಸಿನ ಸಣ್ಣ ಹೊಟ್ಟೆಯ ಸಮಸ್ಯೆಯೂ ನಾಲ್ಕು ಗುಟುಕು ಕುಡಿಯುವ ರೋಗಿಯ ಸಮಸ್ಯೆಯೂ ಒಂದೇ ಆದ್ದರಿಂದ ಆ ಜ್ಞಾನ ಇಲ್ಲಿಗೂ ಸಲ್ಲುತ್ತದೆ. ಒಂದು ಚಮಚ ಮೊಳಕೆ ಹಿಟ್ಟನ್ನು, ಬೆಂದು ಸ್ವಲ್ಪ ಆರಿದ ಯಾವುದೇ ಗಟ್ಟಿ ಗಂಜಿಗೆ ಕದಡಿ, ಅದು ತೆಳುವಾದ ಮೇಲೆ ಮತ್ತೊಂದು ಕುದಿ ಬರಿಸಿದರೂ ಕೆಲಸವಾಗುತ್ತದೆ.

ಬಾಯಿಯ ಕ್ಯಾನ್ಸರ್ ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್‌ಗಳ ಮುಂದಿನ ಸಾಲಿನಲ್ಲಿದೆ. ಚಿಕಿತ್ಸೆಯ ನಂತರ ಇವರಿಗೆ ಮೂರು ತೊಂದರೆಗಳು ಒಟ್ಟಿಗೆ ಬರುತ್ತವೆ. ಬಾಯಿ ಒಣಗುತ್ತದೆ. ಬಾಯಿ ತೆರೆಯುವುದು ಕಿರಿದಾಗುತ್ತದೆ: ಹಲ್ಲುಗಳ ನಡುವೆ 35 ಮಿಲಿಮೀಟರಿಗಿಂತ ಕಡಿಮೆ, ಅಂದರೆ ಮೂರು ಬೆರಳು ಒಟ್ಟಿಗೆ ಹೋಗದಿದ್ದರೆ, ಅದಕ್ಕೆ ಟ್ರಿಸ್ಮಸ್ ಎನ್ನುತ್ತಾರೆ. ವರ್ಷಗಟ್ಟಲೆ ಅಡಿಕೆ ಜಗಿದು ಬಾಯಿಯ ಒಳಪದರ ಮೊದಲೇ ಬಿಗಿದಿದ್ದವರಲ್ಲಿ ಇದು ಇನ್ನೂ ಹೆಚ್ಚು. ಖಾರ ತಾಳುವುದಿಲ್ಲ. ಕನ್ನಡ ನಾಡಿನ ಊಟದಲ್ಲಿ ಖಾರವಿಲ್ಲದ್ದು ಕಡಿಮೆಯಾದ್ದರಿಂದ ಈ ಕೊನೆಯ ತೊಂದರೆಯೇ ಹಲವರನ್ನು ಹಾಲು ಅನ್ನಕ್ಕೆ ಕಟ್ಟಿಹಾಕುತ್ತದೆ. ಜೀರಿಗೆ, ಕೊತ್ತಂಬರಿ, ಕರಿಬೇವಿನ ಪರಿಮಳ ಉರಿ ತರುವುದಿಲ್ಲ. ಮೆಣಸಿನಕಾಯಿ ಬಿಟ್ಟ ತಂಬುಳಿ, ಮಜ್ಜಿಗೆಹುಳಿ, ಹೆಸರುಬೇಳೆ ತೊವ್ವೆಗಳಿಂದ ರುಚಿಯ ಲೋಕಕ್ಕೆ ಮರಳಬಹುದು. ಹುಣ್ಣು ಪೂರ್ತಿ ಮಾಯ್ದ ಮೇಲೆ, ಬಣ್ಣ ಹೆಚ್ಚು ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸಿನಕಾಯಿಯನ್ನು ಬೀಜ ತೆಗೆದು ಸ್ವಲ್ಪ ಸ್ವಲ್ಪವಾಗಿ ಹಾಕಿ ನೋಡಬಹುದು. ಉಪ್ಪು, ಸಿಹಿಯ ರುಚಿ ಗೊತ್ತಾಗದಿರುವುದು ತಿಂಗಳುಗಳ ಮಟ್ಟಿಗೆ, ಕೆಲವರಲ್ಲಿ ಒಂದು ವರ್ಷದವರೆಗೆ ಇರುತ್ತದೆ. ಬಾಯಿ ಒಣಗುವುದು ಹಲವರಲ್ಲಿ ಕಾಯಂ.

ಬಾಯಿ ಒಣಗಿದವರಿಗೆ ಪ್ರಾಂತ್ಯಕ್ಕೊಂದು ಉತ್ತರ ಬೇಕು. ಉತ್ತರ ಕರ್ನಾಟಕದ ಖಡಕ್ ರೊಟ್ಟಿ ಒಣ ಬಾಯಿಗೆ ಆಗುವುದೇ ಇಲ್ಲ. ಅದನ್ನು ಮುರಿದು ಬಿಸಿ ಹಾಲಿನಲ್ಲೋ ಬೇಳೆಯಲ್ಲೋ ನೆನೆಸಬೇಕು, ಇಲ್ಲವೆ ಜೋಳದ ನುಚ್ಚಿಗೆ ಮೊಸರು ಕಲಸಬೇಕು. ಕರಾವಳಿಯವರ ಕುಚ್ಚಲಕ್ಕಿ ಗಂಜಿ ಜಾರುತ್ತದೆ, ಮುಳ್ಳು ಬಿಡಿಸಿದ ಬೇಯಿಸಿದ ಮೀನು ಮೆತ್ತಗಿದ್ದು ಪ್ರೋಟೀನೂ ಚೆನ್ನಾಗಿದೆ. ಈ ವಿಷಯದಲ್ಲಿ ಅವರು ಅದೃಷ್ಟವಂತರು. ಬೆಲ್ಲ ಹಾಕಿದ ಗಂಜಿ ಶಕ್ತಿಗೆ ಒಳ್ಳೆಯದಾದರೂ ಜೊಲ್ಲಿಲ್ಲದ ಬಾಯಿಯಲ್ಲಿ ಹಲ್ಲು ಬಹು ಬೇಗ ಹುಳುಕಾಗುತ್ತದೆ. ಸಿಹಿ ಹೆಚ್ಚಿಸಿದ ಕಡೆಯಲ್ಲೆಲ್ಲ ಬಾಯಿ ತೊಳೆಯುವುದನ್ನೂ ದಂತವೈದ್ಯರನ್ನೂ ಜೊತೆಗೆ ಸೇರಿಸಬೇಕಾಗುತ್ತದೆ. ಆದಷ್ಟೂ ತುಪ್ಪ, ಶೇಂಗಾ ಪುಡಿ, ತೆಂಗಿನ ಹಾಲಿನಂಥ ಸಿಹಿಯಲ್ಲದ ಶಕ್ತಿಯ ಕಡೆ ವಾಲುವುದು ಲೇಸು. ಇಲ್ಲಿಯೇ ಕೇಳಬೇಕಾದ ಇನ್ನೊಂದು ಪ್ರಶ್ನೆ ಎಲೆಅಡಿಕೆಯದು. ಅಡಿಕೆ ತಂಬಾಕಿಲ್ಲದೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2003ರಲ್ಲಿ ತೀರ್ಮಾನಿಸಿತು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯದಲ್ಲಿ ಊಟವಾದ ಮೇಲಿನ ಬರಿ ಅಡಿಕೆಯನ್ನು ಯಾರೂ ಚಟವೆಂದು ಎಣಿಸುವುದಿಲ್ಲ. ಹಾಗಾಗಿ ಕೇಳದೆ ಹೇಳುವುದೂ ಇಲ್ಲ.

ನುಂಗುವುದು ಜಗಿಯುವುದಕ್ಕಿಂತ ಗಂಭೀರ. ವಿಕಿರಣದ ನಂತರ ಗಂಟಲಿನ ಸ್ನಾಯುಗಳು ಬಿಗಿದು, ಕೆಲವರಲ್ಲಿ ಆಹಾರ ಶ್ವಾಸನಾಳಕ್ಕೆ ಜಾರುತ್ತದೆ, ಅದೂ ಕೆಮ್ಮು ಸಹ ಬಾರದಂತೆ. ತೆಳುವಾದದ್ದೆಲ್ಲ ಸುಲಭ ಎಂಬ ಮನೆಮಾತು ಇಂಥವರಲ್ಲಿ ತಲೆಕೆಳಗು: ನೀರೇ ಅತಿ ಅಪಾಯಕಾರಿ, ಮೊಸರಿನ ಹದ ಸುರಕ್ಷಿತ. ಮೇಲೆ ಹೇಳಿದ ತೆಳು ರಾಗಿ ಗಂಜಿ ಇವರಿಗೆ ಸಲ್ಲದು. ಆಹಾರದ ಹದವನ್ನು 0ರಿಂದ 7ರವರೆಗೆ ಎಂಟು ಮಟ್ಟಗಳಲ್ಲಿ ಗುರುತಿಸುವ ಅಂತರರಾಷ್ಟ್ರೀಯ ಕ್ರಮವೊಂದಿದೆ. ಸಿರಿಂಜಿನಿಂದ ಹತ್ತು ಸೆಕೆಂಡಿನಲ್ಲಿ ಎಷ್ಟು ಇಳಿಯಿತು, ಫೋರ್ಕಿನಿಂದ ಒತ್ತಿದರೆ ಹೇಗೆ ಮುರಿಯಿತು ಎಂದು ಮನೆಯಲ್ಲೇ ನೋಡಬಹುದು. ಯಾರಿಗೆ ಯಾವ ಮಟ್ಟ ಎಂದು ನುಂಗುವಿಕೆಯ ಪರೀಕ್ಷೆ ಮಾಡಿ ನಿರ್ಧರಿಸುವವರು ವಾಕ್ ತಜ್ಞರು; ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ತರಬೇತಿ ಇದೆ. ಅವರು ಹೇಳಿದ ಮಟ್ಟದಲ್ಲಿ ಪೋಷಣೆ ತುಂಬುವುದು ಡಯಟೀಷಿಯನ್ನರ ಪಾಲಿನ ಕೆಲಸ. ಮುದ್ದೆಯನ್ನು ಜಗಿಯದೆ ನುಂಗುತ್ತಾರಾದ್ದರಿಂದ ಅದು ಸುಲಭವೆಂದು ಹಲವರು ಭಾವಿಸುತ್ತಾರೆ. ಅಂಟಿನ ಆ ತುತ್ತು ಬಲಗುಂದಿದ ಗಂಟಲಿನಲ್ಲಿ ನಿಂತುಬಿಡಬಹುದು.

ಬಾಯಿಯಿಂದ ಸಾಲದಾದಾಗ ನಳಿಕೆ. ಕೆಲವು ವಾರಗಳ ಮಟ್ಟಿಗಾದರೆ ಮೂಗಿನಿಂದ ಹಾಕುವ ರೈಲ್ಸ್ ಟ್ಯೂಬು, ಹೆಚ್ಚು ಕಾಲಕ್ಕಾದರೆ ನೇರವಾಗಿ ಹೊಟ್ಟೆಗೆ ಹಾಕುವ ಟ್ಯೂಬು. ನಳಿಕೆ ಎಂದರೆ ಕೊನೆಗಾಲ ಎಂಬ ಭಯ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಗಂಟಲು ಮಾಯುವವರೆಗಿನ ದಾರಿ ಅದು ಎಂದು ಮೊದಲೇ ಹೇಳಿದರೆ ಅರ್ಧ ಜಗಳ ತಪ್ಪುತ್ತದೆ. ಪ್ರತಿ ಎರಡು ಮೂರು ಗಂಟೆಗೊಮ್ಮೆ 200ರಿಂದ 250 ಮಿಲಿಲೀಟರ್ ಆಹಾರ, ತಲೆಯ ಕಡೆ ಎತ್ತರಿಸಿ, ನಿಧಾನವಾಗಿ ಕೊಡಬೇಕು. ಆದ ಮೇಲೆ ನೀರು ಹಾಯಿಸಬೇಕು, ಅರ್ಧ ಗಂಟೆಯಾದರೂ ಮಲಗಿಸಬಾರದು. ಮನೆಯಲ್ಲಿ ಮಿಕ್ಸಿಗೆ ಹಾಕಿ ಸೋಸಿದ ಆಹಾರ ಅಗ್ಗ, ಆದರೆ ಸೋಸಿದಾಗ ಸಾರವೆಲ್ಲ ಜರಡಿಯಲ್ಲಿ ಉಳಿದು ತಿಳಿನೀರು ಒಳಹೋಗುವುದೇ ಹೆಚ್ಚು. ಮೊಳಕೆ ರಾಗಿ, ಹಾಲು, ಹಾಲಿನ ಪುಡಿ, ಎಣ್ಣೆ ಅಳತೆಯಲ್ಲಿ ಸೇರಿದರೆ ನಳಿಕೆ ಕಟ್ಟಿಕೊಳ್ಳದೆ ಶಕ್ತಿ ಇಳಿಯುತ್ತದೆ. ಬೆಳಿಗ್ಗೆ ಮಾಡಿದ್ದನ್ನು ಹೊರಗಿಟ್ಟು ಸಂಜೆ ಕೊಡುವಂತಿಲ್ಲ.

ತೀರಾ ಸೊರಗಿದವರಿಗೆ ಒಮ್ಮೆಗೇ ಹೊಟ್ಟೆ ತುಂಬ ಉಣಿಸುವುದು ಅಪಾಯ. ಹತ್ತು ದಿನ ಹೆಚ್ಚುಕಡಿಮೆ ಏನೂ ತಿನ್ನದವರಿಗೆ ಹಠಾತ್ತನೆ ಪಿಷ್ಟ ಸಿಕ್ಕರೆ ರಕ್ತದ ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯದ ಲಯ ತಪ್ಪಬಹುದು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಯಾದ ಹಸಿದ ಯುದ್ಧಕೈದಿಗಳಲ್ಲಿ ಇದು ಮೊದಲು ಎದ್ದು ಕಂಡಿತು. ಅಂಥವರಿಗೆ ಥಯಾಮಿನ್ ಕೊಟ್ಟು, ಸ್ವಲ್ಪದಿಂದ ಆರಂಭಿಸಿ, ರಕ್ತ ಪರೀಕ್ಷೆ ನೋಡುತ್ತ ದಿನದಿನಕ್ಕೆ ಏರಿಸುತ್ತಾರೆ. ಇದು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ.

ಜಠರವನ್ನು ತೆಗೆದವರ ಕಥೆ ಬೇರೆ. ಆಹಾರ ತಂಗುವ ಚೀಲವೇ ಇಲ್ಲದ್ದರಿಂದ ಉಂಡದ್ದು ನೇರ ಕರುಳಿಗೆ ನುಗ್ಗುತ್ತದೆ. ಸಿಹಿ ಪಾನಕವೋ ಬೆಲ್ಲದ ಗಂಜಿಯೋ ಕುಡಿದ ಹತ್ತರಿಂದ ಮೂವತ್ತು ನಿಮಿಷದೊಳಗೆ ಎದೆ ಹೊಡೆದುಕೊಳ್ಳುವುದು, ಬೆವರು, ಹೊಟ್ಟೆ ಹಿಂಡುವುದು, ಭೇದಿ. ಕೆಲವರಲ್ಲಿ ಒಂದರಿಂದ ಮೂರು ಗಂಟೆಯ ನಂತರ ಸಕ್ಕರೆ ಅಂಶ ಇಳಿದು ತಲೆ ಸುತ್ತು. ಇದಕ್ಕೆ ಡಂಪಿಂಗ್ ಎನ್ನುತ್ತಾರೆ. ದಿನಕ್ಕೆ ಆರೆಂಟು ಸಣ್ಣ ಊಟ, ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯುವುದು, ಪ್ರತಿ ತುತ್ತಿನಲ್ಲೂ ಪ್ರೋಟೀನ್: ಇವಿಷ್ಟರಿಂದಲೇ ಹೆಚ್ಚಿನವರು ಸುಧಾರಿಸುತ್ತಾರೆ. ನಾವು ನೀರು ಕುಡಿಯುತ್ತಲೇ ಉಣ್ಣುವವರು, ಸಾರನ್ನದಲ್ಲಿ ಬೆಳೆದವರು. ಗಟ್ಟಿಯಾದ ಬಿಸಿಬೇಳೆ ಅನ್ನ, ಪೊಂಗಲ್, ಮೊಸರವಲಕ್ಕಿ ಇವರಿಗೆ ಸಾರನ್ನಕ್ಕಿಂತ ಒಗ್ಗುತ್ತವೆ. ಬಿ12 ಹೀರಿಕೊಳ್ಳಲು ಬೇಕಾದ ಅಂಶವನ್ನು ಜಠರ ಸ್ರವಿಸುತ್ತಿತ್ತು, ಅದು ಹೋಯಿತು. ಯಕೃತ್ತಿನ ಸಂಗ್ರಹ ಕೆಲವು ವರ್ಷ ಸಾಗಿಸುವುದರಿಂದ ಕೊರತೆ ಕಾಣುವಷ್ಟರಲ್ಲಿ ಚಿಕಿತ್ಸೆಯ ನೆನಪೇ ಮಾಸಿರುತ್ತದೆ. ಕೈಕಾಲು ಜೋಮು, ಮರೆವು ಬಂದು ಇನ್ಯಾರದೋ ಬಾಗಿಲು ತಟ್ಟುತ್ತಾರೆ. ಜಠರವನ್ನು ಪೂರ್ತಿ ತೆಗೆದವರಿಗೆ ಬಿ12 ಜೀವನಪರ್ಯಂತ ಬೇಕು. ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಕೂಡ ತಪಾಸಣೆಯಲ್ಲಿರಬೇಕು.

ಗರ್ಭಕಂಠದ ಕ್ಯಾನ್ಸರ್‌ಗೆ ಹೊಟ್ಟೆಯ ಕೆಳಭಾಗಕ್ಕೆ ವಿಕಿರಣ ಪಡೆದವರಲ್ಲಿ ಭೇದಿ ತಿಂಗಳುಗಳ ನಂತರವೂ ಮರುಕಳಿಸಬಹುದು. ಹಾಲು ಒಗ್ಗದಿದ್ದರೆ ಮೊಸರು ಒಗ್ಗುತ್ತದೆಯೇ ನೋಡಬೇಕು, ನಾರನ್ನು ಕ್ರಮಕ್ರಮವಾಗಿ ಮರಳಿಸಬೇಕು. ಶಸ್ತ್ರಚಿಕಿತ್ಸೆಯಲ್ಲಿ ಸಣ್ಣ ಕರುಳಿನ ಬಾಯಿಯನ್ನು ಹೊಟ್ಟೆಯ ಮೇಲೆ ತೆರೆಸಿಕೊಂಡವರು ನೀರಿನ ಜೊತೆ ಉಪ್ಪನ್ನೂ ಕಳೆದುಕೊಳ್ಳುತ್ತಾರೆ. ಬರಿ ನೀರು ಕುಡಿದಷ್ಟೂ ಸುಸ್ತು ಹೆಚ್ಚುತ್ತದೆ, ಓಆರ್‌ಎಸ್ ಬೇಕು. ಮೇದೋಜೀರಕ ಗ್ರಂಥಿಯ ಶಸ್ತ್ರಚಿಕಿತ್ಸೆಯಾದವರು ಕಿಣ್ವದ ಮಾತ್ರೆಯನ್ನು ಊಟದ ಜೊತೆಯಲ್ಲೇ ನುಂಗಬೇಕು, ಉಂಡು ಎದ್ದ ಮೇಲಲ್ಲ.

ಸ್ತನ ಕ್ಯಾನ್ಸರ್‌ನಲ್ಲಿ ಲೆಕ್ಕವೇ ತಿರುಗುಮುರುಗು. ಚಿಕಿತ್ಸೆಯ ನಂತರ ತೂಕ ಏರುವುದು ಸಾಮಾನ್ಯ: ಮುಟ್ಟು ಬೇಗ ನಿಲ್ಲುತ್ತದೆ, ಓಡಾಟ ಕಡಿಮೆಯಾಗುತ್ತದೆ, ಬಲ ಬರಲೆಂದು ನೆಂಟರು ತಂದ ಸಿಹಿ ಸೇರಿಕೊಳ್ಳುತ್ತದೆ. ಮೈ ತುಂಬಿಕೊಂಡಂತೆ ಕಂಡರೂ ಒಳಗೆ ಸ್ನಾಯು ಸೊರಗಿ ಕೊಬ್ಬು ಬೆಳೆದಿರುತ್ತದೆ. ಇವರಿಗೆ ಪ್ರೋಟೀನ್ ಉಳಿಸಿಕೊಂಡು ಶಕ್ತಿ ತಗ್ಗಿಸಬೇಕು. ಹಾರ್ಮೋನ್ ತಗ್ಗಿಸುವ ಅರೋಮಟೇಸ್ ನಿರೋಧಕ ಮಾತ್ರೆಗಳು ಮೂಳೆ ಸವೆಸುತ್ತವಾದ್ದರಿಂದ ಕ್ಯಾಲ್ಸಿಯಂ, ವಿಟಮಿನ್ ಡಿ ಕಡೆ ಗಮನ ಬೇಕು. ಸೋಯಾ ತಿಂದರೆ ರೋಗ ಮರುಕಳಿಸುತ್ತದೆ ಎಂಬ ಹೆದರಿಕೆಗೆ ಆಧಾರ ಸಿಕ್ಕಿಲ್ಲ. ಊಟದ ಪ್ರಮಾಣದ ಸೋಯಾ ಸುರಕ್ಷಿತ. ಕತ್ತಿಗೆ ವಿಕಿರಣ ಪಡೆದವರಲ್ಲೂ ವರ್ಷಗಳ ಮೇಲೆ ಥೈರಾಯ್ಡ್ ಕುಗ್ಗಿ ತೂಕ ಏರಬಹುದು. ಆಗ ಊಟ ಕಡಿತ ಮಾಡುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು.

ಡಯಟೀಷಿಯನ್ ಮನೆಗೆ ಕೊಟ್ಟ ಪಟ್ಟಿಯ ಎದುರು ಮನೆಯಲ್ಲಿ ಇನ್ನೊಂದು ಪಟ್ಟಿ ಮೊದಲೇ ಸಿದ್ಧವಿರುತ್ತದೆ, ಬಿಡಬೇಕಾದವುಗಳ ಪಟ್ಟಿ. ಬದನೆಕಾಯಿ ನಂಜು, ಮೊಟ್ಟೆ ಉಷ್ಣ, ಮೊಸರು ಶೀತ, ಕಡಲೆಬೇಳೆ ವಾಯು, ಶೇಂಗಾ ಪಿತ್ತ. ಗಾಯ ಮಾಯುವವರೆಗೆ ನಂಜಿನ ಪದಾರ್ಥ ಕೂಡದು ಎಂಬ ನಿಯಮ ಹೆಚ್ಚಿನ ಕಡೆ ಕಟ್ಟುನಿಟ್ಟು. ಬದನೆ ಬಿಟ್ಟರೆ ನಷ್ಟವೇನಿಲ್ಲ, ವಾದ ಬೇಕಿಲ್ಲ. ಮೊಟ್ಟೆ, ಮೊಸರು, ಬೇಳೆ, ಶೇಂಗಾ ಮೂರೂ ಹೊತ್ತು ಬಿಟ್ಟರೆ ಮಾಯಲು ಬೇಕಾದ ಪ್ರೋಟೀನ್ ಬರುವ ಬಾಗಿಲುಗಳೆಲ್ಲ ಮುಚ್ಚಿದಂತೆ. ಅನುಭವಿ ಡಯಟೀಷಿಯನ್ ಯಾವುದು ಬಿಟ್ಟರೂ ನಡೆದೀತು, ಯಾವುದಕ್ಕೆ ಪರ್ಯಾಯ ಬೇಕೇಬೇಕು ಎಂದು ಬೇರ್ಪಡಿಸಿ, ಮನೆಯ ಹಿರಿಯರೊಂದಿಗೆ ಮಾತಾಡುತ್ತಾರೆ. ರೋಗಿಯೊಂದಿಗೆ ಮಾತ್ರ ಆಡಿದ ಮಾತು ಅಡುಗೆಮನೆ ಮುಟ್ಟುವುದಿಲ್ಲ. ಸಕ್ಕರೆ ಕ್ಯಾನ್ಸರ್‌ಗೆ ಊಟ ಎಂಬ ಮಾತು ಹೊಸ ಪಥ್ಯಗಳಲ್ಲಿ ಮುಖ್ಯವಾದದ್ದು. ಕ್ಯಾನ್ಸರ್ ಕೋಶ ಗ್ಲೂಕೋಸನ್ನು ಹೆಚ್ಚಾಗಿ ಬಳಸುವುದನ್ನು ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ಕಂಡಿದ್ದರು, ನಿಜ. ಆದರೆ ಸಕ್ಕರೆ ಬಿಟ್ಟರೂ ದೇಹ ಸ್ನಾಯುವನ್ನು ಕರಗಿಸಿಯಾದರೂ ರಕ್ತದ ಗ್ಲೂಕೋಸನ್ನು ಕಾಪಾಡುತ್ತದೆ; ಬಡವಾಗುವುದು ರೋಗಿ. ಮಧುಮೇಹವೂ ಇದ್ದವರಲ್ಲಿ ಅನ್ನವನ್ನು ಅರ್ಧ ಮಾಡುವ ಬದಲು ಔಷಧವನ್ನು ಹೊಂದಿಸುವಂತೆ ವೈದ್ಯರನ್ನು ಕೇಳುವುದು ಸರಿಯಾದ ದಾರಿ.

ಇನ್ನು ಸೇರಿಸುವ ವಸ್ತುಗಳು. ಲಕ್ಷ್ಮಣ ಫಲವನ್ನು ಕ್ಯಾನ್ಸರ್ ಮದ್ದೆಂದು ಮಾರುತ್ತಾರೆ. ಮನುಷ್ಯರಲ್ಲಿ ಅದಕ್ಕೆ ಪುರಾವೆ ಇಲ್ಲ. ಅದರಲ್ಲಿರುವ ಅನೋನಾಸಿನ್ ನರಕೋಶಕ್ಕೆ ವಿಷ. ಕೆರಿಬಿಯನ್ ದ್ವೀಪ ಗ್ವಾಡೆಲೂಪಿನಲ್ಲಿ ಆ ಜಾತಿಯ ಹಣ್ಣು, ಎಲೆಯ ಕಷಾಯ ಹೆಚ್ಚು ಬಳಸಿದವರಲ್ಲಿ ಪಾರ್ಕಿನ್ಸನ್ ಹೋಲುವ ಕಾಯಿಲೆ ಕಂಡ ವರದಿಗಳಿವೆ. ಗ್ರೇಪ್‌ಫ್ರೂಟ್ ಕೆಲವು ಕ್ಯಾನ್ಸರ್ ಮಾತ್ರೆಗಳನ್ನು ಯಕೃತ್ತು ಒಡೆಯದಂತೆ ತಡೆದು ರಕ್ತದಲ್ಲಿ ಔಷಧ ಏರುವಂತೆ ಮಾಡುತ್ತದೆ. ಅದು ನಮ್ಮಲ್ಲಿ ಅಪರೂಪ, ಆದರೆ ಅದೇ ಬಳಗದ ದೇವನಹಳ್ಳಿ ಚಕ್ಕೋತದಲ್ಲೂ ಆ ಬಗೆಯ ರಾಸಾಯನಿಕಗಳಿವೆ. ಅಂಥ ಮಾತ್ರೆ ತೆಗೆದುಕೊಳ್ಳುವವರು ಚಕ್ಕೋತವನ್ನು ಬಿಡುವುದು ಕ್ಷೇಮ. ಮಾತ್ರೆಗೂ ಊಟಕ್ಕೂ ಇರುವ ನಂಟು ಒಂದೇ ತೆರನಲ್ಲ: ಇಮಾಟಿನಿಬ್ ಊಟದ ಜೊತೆ, ನಿಲೋಟಿನಿಬ್ ಬರಿ ಹೊಟ್ಟೆಯಲ್ಲಿ, ಕೆಪಸಿಟಬಿನ್ ಊಟವಾದ ಅರ್ಧ ಗಂಟೆಯೊಳಗೆ. ವಿಟಮಿನ್ ಮಾತ್ರೆ ಹೆಚ್ಚಾದರೆ ಹಾನಿಯಿಲ್ಲ ಎಂಬುದೂ ಸುಳ್ಳು. 1990ರ ದಶಕದ ಎರಡು ದೊಡ್ಡ ಪ್ರಯೋಗಗಳಲ್ಲಿ ಬೀಟಾ ಕೆರೋಟಿನ್ ಮಾತ್ರೆ ತೆಗೆದುಕೊಂಡ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿತು.

ಆಹಾರ ಸಲಹೆಯಿಂದ ಪ್ರಯೋಜನವಾಗುತ್ತದೆ ಎಂಬುದಕ್ಕೆ ಒಳ್ಳೆಯ ಆಧಾರ ಪೋರ್ಚುಗಲ್‌ನಿಂದ ಬಂದದ್ದು. ಲಿಸ್ಬನ್ನಿನಲ್ಲಿ ಪೌಲಾ ರವಾಸ್ಕೊ ಮತ್ತು ಸಂಗಡಿಗರು ದೊಡ್ಡ ಕರುಳು, ಗುದನಾಳದ ಕ್ಯಾನ್ಸರ್‌ಗೆ ವಿಕಿರಣ ಪಡೆಯುತ್ತಿದ್ದ 111 ಜನರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಅವರವರ ದಿನದ ಊಟವನ್ನೇ ತಿದ್ದುವ ವೈಯಕ್ತಿಕ ಸಲಹೆ, ಇನ್ನೊಂದಕ್ಕೆ ಪ್ರೋಟೀನ್ ಪೇಯ, ಮೂರನೆಯದಕ್ಕೆ ಎಂದಿನ ಊಟ. ಚಿಕಿತ್ಸೆ ಮುಗಿಯುವಾಗ ಮೊದಲೆರಡು ಗುಂಪುಗಳೂ ಪ್ರೋಟೀನ್ ಹೆಚ್ಚಿಸಿಕೊಂಡಿದ್ದವು. ಮೂರು ತಿಂಗಳ ನಂತರ ಅದನ್ನು ಉಳಿಸಿಕೊಂಡದ್ದು ಸಲಹೆ ಪಡೆದ ಗುಂಪು ಮಾತ್ರ. 2005ರಲ್ಲಿ ಇದು ಪ್ರಕಟವಾಯಿತು. ಪೇಯ ನಿಂತ ದಿನ ಲಾಭವೂ ನಿಂತಿತು, ಕಲಿತ ಅಡುಗೆ ಉಳಿಯಿತು ಎಂದು ಓದಿಕೊಳ್ಳಬಹುದು. ಅತಿ ಭರವಸೆಗೂ ಅವಕಾಶವಿಲ್ಲ: ಅಮೆರಿಕದಲ್ಲಿ ಸ್ತನ ಕ್ಯಾನ್ಸರ್‌ನ 3,088 ಮಹಿಳೆಯರಲ್ಲಿ ನಡೆದ, 2007ರಲ್ಲಿ ವರದಿಯಾದ ಪ್ರಯೋಗದಲ್ಲಿ ತರಕಾರಿ, ಹಣ್ಣು, ನಾರು ಬಹಳ ಹೆಚ್ಚಿಸಿ ಕೊಬ್ಬು ತಗ್ಗಿಸಿದರೂ ರೋಗ ಮರುಕಳಿಸುವುದು ಕಡಿಮೆಯಾಗಲಿಲ್ಲ. ಯಾವುದೋ ಒಂದು ಪಥ್ಯ ಕ್ಯಾನ್ಸರನ್ನು ತಡೆದು ನಿಲ್ಲಿಸುತ್ತದೆ ಎಂದು ಹೇಳುವ ಡಯಟೀಷಿಯನ್ ತನ್ನ ಗೆರೆ ದಾಟಿದ್ದಾರೆ. ವ್ಯಾಯಾಮದ ಪುರಾವೆ ಇದಕ್ಕಿಂತ ಗಟ್ಟಿ. 2025ರಲ್ಲಿ ಪ್ರಕಟವಾದ, ಕರುಳಿನ ಕ್ಯಾನ್ಸರ್‌ಗೆ ಕಿಮೋಥೆರಪಿ ಮುಗಿಸಿದ 889 ಜನರ ಪ್ರಯೋಗದಲ್ಲಿ ಮೂರು ವರ್ಷ ಮಾರ್ಗದರ್ಶನದಲ್ಲಿ ವ್ಯಾಯಾಮ ಮಾಡಿದವರಲ್ಲಿ ಐದು ವರ್ಷದ ಕೊನೆಗೆ ರೋಗವಿಲ್ಲದೆ ಇದ್ದವರು ಶೇ. 80, ಉಳಿದವರಲ್ಲಿ ಶೇ. 74. ತಿಂದ ಪ್ರೋಟೀನ್ ಸ್ನಾಯುವಾಗುವುದೂ ಕೆಲಸ ಕೊಟ್ಟಾಗಲೇ. ವಿಶ್ರಾಂತಿಯ ಹೆಸರಿನಲ್ಲಿ ರೋಗಿಯನ್ನು ಮಂಚದ ಮೇಲೆ ಕೂರಿಸಿ ಉಣಿಸುವುದು ಅರ್ಧ ಕೆಲಸ.

ಭಾರತದಲ್ಲಿ ಈ ವೃತ್ತಿಯವರ ಸಂಘ, ಇಂಡಿಯನ್ ಡಯಟೆಟಿಕ್ ಅಸೋಸಿಯೇಷನ್, 1963ರಷ್ಟು ಹಿಂದಿನದು; ನೋಂದಾಯಿತ ಡಯಟೀಷಿಯನ್ ಪರೀಕ್ಷೆಯನ್ನು ಅದೇ ನಡೆಸುತ್ತದೆ. ಕಾನೂನಿನ ಮಾನ್ಯತೆ ಬಂದದ್ದು 2021ರ ಅಲೈಡ್ ಹಾಗೂ ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆಯಿಂದ. ಅದರ ಪಟ್ಟಿಯಲ್ಲಿ ಡಯಟೀಷಿಯನ್ನರೂ ಇದ್ದಾರೆ. ಕೆಲವು ವಾರಗಳ ಕೋರ್ಸು ಮುಗಿಸಿ ಫಲಕ ಹಾಕಿಕೊಂಡವರಿಗೂ ಆಹಾರ ಮತ್ತು ಪೋಷಣೆಯಲ್ಲಿ ಪದವಿ, ಸ್ನಾತಕೋತ್ತರ ಓದು, ಆಸ್ಪತ್ರೆಯ ತರಬೇತಿ ಮುಗಿಸಿದವರಿಗೂ ಇರುವ ಅಂತರ ಸಾಮಾನ್ಯ ರೋಗಿಗೆ ಇನ್ನೂ ಕಾಣುವುದಿಲ್ಲ.

ಕೊಡುವ ಸಲಹೆ ನಡೆಯಬೇಕಾದರೆ ಭೇಟಿಯ ಕ್ರಮ ಮೊದಲೇ ಗೊತ್ತಾಗಿರಬೇಕು. ಮನೆಗೆ ಹೋದ ಮೊದಲ ಎರಡು ವಾರ ವಾರಕ್ಕೊಮ್ಮೆ ಫೋನು. ತೂಕ, ಒಂದು ದಿನ ತಿಂದದ್ದರ ಪಟ್ಟಿ, ನುಂಗುವ ತೊಂದರೆ ಎಂಬ ಮೂರೇ ಪ್ರಶ್ನೆ. ಆರನೇ ವಾರ ಮತ್ತು ಮೂರನೇ ತಿಂಗಳು ಮುಖಾಮುಖಿ ಭೇಟಿ, ಅದು ವೈದ್ಯರ ಭೇಟಿಯ ದಿನವೇ ಆದರೆ ಇನ್ನೊಂದು ಬಸ್ಸಿನ ಖರ್ಚು ಉಳಿಯುತ್ತದೆ. ಊರಿನಲ್ಲಿ ತೂಕ ನೋಡಲು ಪ್ರಾಥಮಿಕ ಆರೋಗ್ಯ ಕೇಂದ್ರವೂ ಆಗುತ್ತದೆ, ಒಂದೇ ತಕ್ಕಡಿಯಲ್ಲಿ ನೋಡಿದರೆ ಸಾಕು. ಎರಡು ವಾರದಲ್ಲಿ ಒಂದು ಕಿಲೋಗಿಂತ ಹೆಚ್ಚು ಇಳಿದರೆ, ನೀರು ಕುಡಿದಾಗ ಕೆಮ್ಮು ಬಂದರೆ, ಮೂರು ದಿನ ಅರ್ಧದಷ್ಟೂ ಉಣ್ಣಲಾಗದಿದ್ದರೆ ಮುಂದಿನ ದಿನಾಂಕ ಕಾಯದೆ ಕರೆ ಮಾಡಬೇಕೆಂದು ಡಿಸ್ಚಾರ್ಜ್ ಚೀಟಿಯಲ್ಲೇ ಕನ್ನಡದಲ್ಲಿ ಬರೆದಿರಬೇಕು, ನಂಬರಿನ ಸಮೇತ. ತೂಕ ಮೂರು ತಿಂಗಳು ಒಂದೇ ಮಟ್ಟದಲ್ಲಿ ನಿಂತು, ರೋಗಿ ಮನೆಯ ಎಲ್ಲರ ಅಡುಗೆಯನ್ನೇ ಸಣ್ಣ ಬದಲಾವಣೆಯೊಂದಿಗೆ ಉಣ್ಣುವಂತಾದರೆ ಭೇಟಿಗಳನ್ನು ವರ್ಷಕ್ಕೊಮ್ಮೆಗೆ ಇಳಿಸಬಹುದು. ಜಠರ ತೆಗೆದವರಿಗೆ ಮತ್ತು ಕಾಯಂ ನಳಿಕೆ ಇರುವವರಿಗೆ ಈ ರಿಯಾಯಿತಿ ಇಲ್ಲ.